ನಿಂತ ನರವನ್ನು ಹೊರಡಿಸಿದ ಮೇಡಂ

ಹೋದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ಬ್ರಹ್ಮಾವರದ ಕಾಲೇಜಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ಪ್ರಾಂಶುಪಾಲರು ಭಾಷಣದ ಉತ್ಸಾಹದಲ್ಲಿ, "ಬೆನ್ನುಹುರಿ ಮುರಿದವರಿಗೆ ಮದ್ದು ಕಂಡುಹಿಡಿದ ಕೀರ್ತಿ ಇವರದ್ದು" ಎಂದುಬಿಟ್ಟರು. ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ವೇದಿಕೆಯಲ್ಲಿ ಕೂತಿದ್ದ ಮೇಡಂ ಬುಟ್ಟಿಯನ್ನು ನೆಲಕ್ಕಿಟ್ಟು ಎದ್ದು ನಿಂತರು. "ಕಂಡುಹಿಡಿಯಲಿಲ್ಲ ಸರ್. ಹುಡುಕುವವರ ಸಾಲಿನಲ್ಲಿ ನಾನೂ ಒಬ್ಬಳು, ಅಷ್ಟೆ" ಎಂದು ಹೇಳಿ, ಮತ್ತೆ ಕೂತು ಬುಟ್ಟಿ ಎತ್ತಿಕೊಂಡರು. ಸಭೆ ನಕ್ಕಿತು. ಪ್ರಾಂಶುಪಾಲರೂ ನಕ್ಕರು.

ಆಮೇಲೆ ಮಾತಾಡಬೇಕಾದವಳು ನಾನು. ಹಳೆಯ ವಿದ್ಯಾರ್ಥಿಗಳ ಪರವಾಗಿ ಮೂರು ನಿಮಿಷ ಎಂದು ಹೇಳಿದ್ದರು. ಬರೆದುಕೊಂಡು ಹೋದ ಕಾಗದದಲ್ಲಿ ಹೊಗಳಿಕೆಯೇ ತುಂಬಿತ್ತು. ಸಾಲಿಗೊಮ್ಮೆ ಅವರು ಎದ್ದು ತಿದ್ದುವುದು ಕಣ್ಣಿಗೆ ಕಟ್ಟಿದಂತಾಗಿ, ಕಾಗದ ಮಡಚಿ, ನಮಸ್ಕಾರ ಹೇಳಿ ಇಳಿದು ಬಂದೆ. ತಿದ್ದಿಸಿಕೊಳ್ಳಬೇಕಾಗದ ಹಾಗೆ, ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಅವರ ಪರಿಚಯವಾದದ್ದು ಎಂ.ಎಸ್ಸಿ. ಮುಗಿಸಿ ವಂಡ್ಸೆಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದಾಗ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕಿ ಬೇಕೆಂದು ಯಾರೋ ಹೇಳಿದರು. ಸಂದರ್ಶನವೆಂದು ಸೀರೆಯುಟ್ಟು ಹೋದೆ. ಮೇಡಂ ಊಟ ಮಾಡುತ್ತಿದ್ದರು. ಸ್ಟೀಲಿನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಕಾಲೇಜಿನಲ್ಲಿ ಮೀನಿನ ವಾಸನೆ ಬರುತ್ತದೆಂದು ಮುಜುಗರಪಡುವವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಇವರು ಮುಳ್ಳು ಬಿಡಿಸುತ್ತಲೇ, "ಕೂತ್ಕೊ. ಕೈ ಚಾಚು" ಎಂದರು.

ನಾನು ಕೈ ಚಾಚಿದೆ. ಬೆರಳು ನಡುಗುತ್ತದೋ ನೋಡುತ್ತಿದ್ದರು.

"ಮೀನ್ ಕುಯ್ದ್ ಗೊತ್ತಿತ್ತಾ?"

"ಗೊತ್ತಿತ್ತ್ ಮೇಡಂ."

"ಸಾಕ್. ನಾಳೆಯಿಂದ ಬಾ."

ಸಂದರ್ಶನ ಅಷ್ಟೇ. ಮೇಡಂ ಉಪ್ಪುಂದದವರು. ಅಪ್ಪ ದೋಣಿಗೆ ಹೋಗುತ್ತಿದ್ದವರು, ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಕ್ಲಾಸಿನಲ್ಲಿ ಪಾಠ ಮಾಡುವಾಗ ಅವರದ್ದು ಪುಸ್ತಕದ ಭಾಷೆ. ಸಿಟ್ಟು ಬಂದರೆ ಇಂಗ್ಲಿಷು. ಖುಷಿಯಾದರೆ ಮಾತ್ರ ಅಚ್ಚ ಕುಂದಾಪ್ರ ಕನ್ನಡ ಹೊರಡುತ್ತಿತ್ತು. ಅವರನ್ನು ಪ್ರಯೋಗ ಹೇಗೆ ಹೋಗುತ್ತಿದೆ ಎಂದು ಕೇಳಬೇಕಾಗಿರಲಿಲ್ಲ, ಯಾವ ಭಾಷೆ ಕೇಳಿಸುತ್ತಿದೆ ಎಂದು ಬಾಗಿಲಲ್ಲಿ ನಿಂತು ಆಲಿಸಿದರೆ ಸಾಕಿತ್ತು.

ಮೊದಲ ದಿನವೇ ಕೆಲಸವನ್ನು ವಿವರಿಸಿದರು. ಬಲಗೈಯ ಐದೂ ಬೆರಳುಗಳನ್ನು ಅಗಲಿಸಿ ನನ್ನ ಮುಖದ ಮುಂದೆ ಹಿಡಿದರು. "ಬೆಳೆಯುವ ನರದ ತುದಿ ಹೀಗಿರ್ತದೆ. ಅಂಗೈ ಹಾಗೆ. ಕುರುಡರು ದಾರಿ ತಡವಿದ ಹಾಗೆ ಮುಟ್ಟಿ ಮುಟ್ಟಿ ಮುಂದೆ ಹೋಗ್ತದೆ. ಕೈಯಲ್ಲೋ ಕಾಲಲ್ಲೋ ನರ ತುಂಡಾದರೆ ನಿಧಾನಕ್ಕಾದರೂ ಮತ್ತೆ ಬೆಳೀತದೆ. ಬೆನ್ನುಹುರಿಯಲ್ಲಿ ತುಂಡಾದರೆ ಅದೂ ಬೆಳೆಯಲಿಕ್ಕೆ ನೋಡ್ತದೆ. ಆದರೆ ಅಲ್ಲಿಯ ಗಾಯದ ಕಲೆಯಲ್ಲಿ, ನರಗಳ ಹೊದಿಕೆಯಲ್ಲಿ ಕೆಲವು ಅಣುಗಳು ಇದ್ದಾವೆ. ಅವು ಈ ಬೆರಳಿಗೆ ತಾಗಿದ ಕೂಡಲೇ—" ಎಂದು ಬೆರಳುಗಳನ್ನು ಒಳಗೆಳೆದು ಮುಷ್ಟಿ ಮಾಡಿದರು. "ನಿಲ್ಲು ಅಂತ ಸಂಕೇತ. ನರ ಅಲ್ಲೇ ನಿಲ್ತದೆ. ಸಾಯುದಿಲ್ಲ. ನಿಂತೇ ಇರ್ತದೆ."

"ಯಾವಾಗಿನವರೆಗೆ ಮೇಡಂ?"

"ಅದೇ ನಮ್ಮ ಪ್ರಶ್ನೆ" ಎಂದವರೇ ಭಾಷೆ ಬದಲಿಸಿದರು. "ನರಕ್ಕೆ ಬೆಳೂಕೆ ಗೊತ್ತಿತ್ತ್ ಮಾರಾಯ್ತಿ. ಬಿಡುವವ್ರ್ ಇಲ್ಲೆ, ಅಷ್ಟೆ. ನಾವ್ ಬಿಡ್ಸುವ."

ಈ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ ಎಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ, ಮೊದಲ ಬಾರಿ ಉಪ್ಪುಂದದ ಅವರ ಮನೆಗೆ ಹೋದಾಗ. ಜಗಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಅವರ ಅಣ್ಣ ಹರಿದ ಬಲೆ ಸರಿಮಾಡುತ್ತಿದ್ದರು. ಮೇಡಂ ಎಂ.ಎಸ್ಸಿ. ಓದುತ್ತಿದ್ದ ಕಾಲಕ್ಕೆ ಅಣ್ಣ ದೋಣಿಗೆ ಮಂಜುಗಡ್ಡೆ ಏರಿಸುವಾಗ ಹಲಗೆ ಮುರಿದು, ದೋಣಿಯ ಅಂಚಿಗೆ ಬೆನ್ನು ಬಡಿದು ಬಿದ್ದಿದ್ದರು. ಸೊಂಟದ ಕೆಳಗೆ ಬಲವಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಬೆನ್ನುಹುರಿಯ ನರ ಮತ್ತೆ ಬೆಳೆಯುವುದಿಲ್ಲ ಎಂದರಂತೆ. ಮೇಡಂ ಯಾಕೆ ಎಂದು ಕೇಳಿದರಂತೆ. ಬೆಳೆಯುವುದಿಲ್ಲ ಅಷ್ಟೆ ಎಂದು ಅವರು ಮುಂದಿನ ಹಾಸಿಗೆಗೆ ಹೋದರಂತೆ. ಆ ಡಾಕ್ಟರನ್ನು ಮೇಡಂ ಯಾವತ್ತೂ ಬೈದದ್ದಿಲ್ಲ. "ಅವರಿಗೆ ಪುರುಸೊತ್ತಿರಲಿಲ್ಲ. ನನಗಿತ್ತು" ಎನ್ನುತ್ತಿದ್ದರು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ಅಣ್ಣನದ್ದು. ಕಾಲು ಮಡಚಿ ಬಿಡಿಸುವುದು, ಬೆನ್ನು, ಸೊಂಟ, ಹಿಮ್ಮಡಿ ಎಲ್ಲಿಯೂ ಚರ್ಮ ಕೆಂಪಾಗದಂತೆ ನೋಡುವುದು, ಸ್ನಾನ. ಅದು ಮುಗಿದ ಮೇಲೆಯೇ ಅವರು ಬ್ರಹ್ಮಾವರದ ಬಸ್ಸು ಹಿಡಿಯುತ್ತಿದ್ದದ್ದು. ಹೆಚ್ಚು ಸಂಬಳದ ಕೆಲಸಕ್ಕೆ ದೂರದಿಂದ ಕರೆ ಬಂದಾಗ ಹೋಗಲಿಲ್ಲ ಎಂದು ಬೇರೆಯವರಿಂದ ಕೇಳಿದ್ದೇನೆ. ಅವರು ಆ ವಿಷಯ ಎತ್ತಿದ್ದಿಲ್ಲ.

ಅಣ್ಣನಿಗೆ, ಹೆಣೆ ಎಂದು ಕರೆದು ತಂಗಿಯನ್ನು ಕೆಣಕುವುದೆಂದರೆ ಇಷ್ಟ. "ಹೆಣೆ, ನಿನ್ನ್ ಕೋಳಿ ನರ ಎಂತ ಹೇಳ್ತ್?" ಎಂದು ದಿನಾ ಸಂಜೆ ಕೇಳುತ್ತಿದ್ದರಂತೆ.

ಕೋಳಿ ನರ ಎಂಬುದು ನಿಜ. ನಮ್ಮ ಪ್ರಯೋಗ ನಡೆಯುತ್ತಿದ್ದದ್ದು ಮೊಟ್ಟೆಯೊಳಗಿನ ಎಳೆಯ ಭ್ರೂಣದ ನರಕೋಶಗಳ ಮೇಲೆ. ಹುಂಜ ಕೂಡಿದ ಊರುಕೋಳಿಯ ಮೊಟ್ಟೆಯೇ ಬೇಕು. ವಂಡ್ಸೆಯಲ್ಲಿ ನಮ್ಮ ಮನೆಯೂ ಸೇರಿ ನಾಲ್ಕೈದು ಮನೆಗಳಿಂದ ಒಟ್ಟುಮಾಡಿ, ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ಕುಂದಾಪುರದಲ್ಲಿ ಬಸ್ಸು ಬದಲಿಸಿ ನಾನೇ ತರುತ್ತಿದ್ದೆ. ಬುಟ್ಟಿಯನ್ನು ಮಡಿಲಿನಿಂದ ಇಳಿಸದ ನನ್ನನ್ನು ಕಂಡಕ್ಟರು ಒಂದು ದಿನ ಕೇಳಿದ: "ಹ್ವಾಯ್, ಇದ್ ತಿಂಬು ಮೊಟ್ಯಾ, ಮರಿ ಮಾಡು ಮೊಟ್ಯಾ?" ಎರಡೂ ಅಲ್ಲ, ಓದುವ ಮೊಟ್ಟೆ ಎಂದೆ. ಅಂದಿನಿಂದ ನನಗೆ ಕಿಟಕಿಯ ಬದಿಯ ಸೀಟು ಖಾಯಂ ಆಯಿತು.

ಮೊಟ್ಟೆಗಳು ಇನ್‌ಕ್ಯುಬೇಟರಿನ ಕಾವಿನಲ್ಲಿ ಎಂಟು ದಿನ ಇರುತ್ತಿದ್ದವು. ಆಮೇಲೆ ಮೇಡಂ ಭ್ರೂಣದ ಬೆನ್ನಿನ ಬದಿಯಿಂದ ಸಾಸಿವೆಗಿಂತ ಚಿಕ್ಕದಾದ ನರಗಂಟುಗಳನ್ನು ಚಿಮಟಿಗೆಯಲ್ಲಿ ಬಿಡಿಸಿ ತೆಗೆಯುತ್ತಿದ್ದರು. ಉಸಿರು ಹಿಡಿದು ನೋಡುವ ಕೆಲಸ. ಅವರು ಮಾತ್ರ ಮನೆಯ ಸುದ್ದಿ ಹೇಳುತ್ತಲೇ ಮಾಡುತ್ತಿದ್ದರು. ಆ ಗಂಟನ್ನು ಗಾಜಿನ ತಟ್ಟೆಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಸುತ್ತಲೂ ಕೂದಲಿನಂಥ ನರದ ಎಳೆಗಳು ಹೊರಡುತ್ತವೆ. ನಾವು ಗಾಜಿನ ಮೇಲೆ, ಗಾಯದ ಕಲೆಯಲ್ಲಿರುವಂಥ ತಡೆಯುವ ಅಣುಗಳ ಒಂದು ತೆಳ್ಳನೆಯ ಪಟ್ಟಿ ಬಳಿದಿರುತ್ತಿದ್ದೆವು. ಎಳೆಗಳು ಓಡಿ ಬಂದು ಪಟ್ಟಿಯ ಅಂಚು ಮುಟ್ಟಿದ ಕೂಡಲೇ ಮುದುಡಿ ನಿಲ್ಲುತ್ತಿದ್ದವು. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡಾಗ ತಡೆದದ್ದು ಯಾವುದೆಂದು ಹುಡುಕಿದೆ. ಅಲ್ಲಿ ಗೋಡೆಯಿಲ್ಲ, ಗುಂಡಿಯಿಲ್ಲ. ಕಣ್ಣಿಗೆ ಕಾಣದ ಒಂದು ಗೆರೆ, ಅದರ ಮುಂದೆ ಸಾಲುಗಟ್ಟಿ ನಿಂತ ನರಗಳು.

ಆ ಅಣುಗಳ ಸಂಕೇತವನ್ನು ನರ ಹಿಡಿಯುವುದು ತನ್ನ ಮೈಮೇಲಿನ ಗ್ರಾಹಕಗಳಿಂದ. ಗ್ರಾಹಕ ಕೆಲಸ ಮಾಡದಂತೆ ಕಟ್ಟಿಹಾಕುವ ಪ್ರೋಟೀನಿನ ತುಣುಕೊಂದನ್ನು ಹಾಕಿದರೆ ನರ ಪಟ್ಟಿಯನ್ನು ದಾಟುತ್ತದೆ ಎಂದು ಬೇರೆ ಕಡೆಯವರು ಆಗಲೇ ತೋರಿಸಿದ್ದರು. ಆದರೆ ನಾವು ಓದಿದ ಪ್ರಯೋಗಗಳಲ್ಲಿ ಆ ತುಣುಕನ್ನು, ನಾವು ಮದ್ದು ಎನ್ನುತ್ತಿದ್ದದ್ದನ್ನು, ಮೊದಲೇ, ಇಲ್ಲವೇ ನರ ನಿಂತ ತಕ್ಷಣ ಕೊಡುತ್ತಿದ್ದರು. ಮೇಡಂ ಕೇಳಿದ್ದು, ನಿಂತು ನಿಂತು ಹಳತಾದ ನರಕ್ಕೆ ತಡವಾಗಿ ಕೊಟ್ಟರೆ ಏನಾಗುತ್ತದೆ ಎಂದು. ಇವತ್ತು ಬಿದ್ದವರಿಗೆ ಇವತ್ತೇ ಮದ್ದು ಸಿಗುವ ಕಾಲ ಬಂದೀತು. ಆಗಲೇ ಬಿದ್ದವರಿಗೆ? ಆದ್ದರಿಂದ ನಮ್ಮ ನರಗಳನ್ನು ಆರು ದಿನ ಪಟ್ಟಿಯ ಮುಂದೆ ನಿಲ್ಲಿಸಿ, ಏಳನೆಯ ದಿನ ಮದ್ದು ಹಾಕುವುದೆಂದು ತೀರ್ಮಾನವಾಯಿತು.

ಇಲ್ಲಿ ಅಣ್ಣನಿಗೊಂದು ಕೆಲಸ ಬಂತು. ಯಾವ ತಟ್ಟೆಗೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಎಂದು, ದಾಟಿದ ನರಗಳನ್ನು ಎಣಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಮೇಡಂ ನಾಲ್ಕು ಪುಟ್ಟ ನಳಿಕೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಉಪ್ಪುಂದಕ್ಕೆ ಒಯ್ಯುತ್ತಿದ್ದರು. ಮದ್ದಿನವಕ್ಕೆ ಕೆಂಪು ನೂಲು, ನೀರಿನವಕ್ಕೆ ನೀಲಿ. ಅಣ್ಣ ಒಬ್ಬರೇ ಕೂತು ನೂಲು ಬಿಚ್ಚಿ, ತಮಗೆ ತೋಚಿದ ಹಾಗೆ ಒಂದರಿಂದ ನಾಲ್ಕು ನಂಬರು ಅಂಟಿಸಿ, ಯಾವುದು ಯಾವುದೆಂದು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ತಂಗಿ ಎಷ್ಟು ಕೇಳಿದರೂ ತೋರಿಸಬಾರದೆಂದು ತಂಗಿಯೇ ಭಾಷೆ ತೆಗೆದುಕೊಂಡಿದ್ದರು.

ಮೊದಲ ಸಲ ಎಣಿಸಿದವಳು ನಾನು. ಎರಡು ತಟ್ಟೆಗಳಲ್ಲಿ ನರಗಳು ಹಿಂದಿನಂತೆಯೇ ಗೆರೆಗೆ ಮೂತಿ ಕೊಟ್ಟು ನಿಂತಿದ್ದವು. ಉಳಿದೆರಡರಲ್ಲಿ ನಾನು ಕಂಡದ್ದನ್ನು ನಂಬಲು ತಟ್ಟೆಯನ್ನು ಮೂರು ಸಲ ತೆಗೆದು ಇಟ್ಟೆ. ಒಂದು ಎಳೆ ದಾಟಿತ್ತು. ಪಕ್ಕದ್ದೂ ದಾಟಿತ್ತು. ಅದರ ಬದಿಗೆ ಒಂದು ಗುಂಪೇ ಪಟ್ಟಿಯ ನಡುವಿನಲ್ಲಿತ್ತು. ಎಣಿಕೆ ಬರೆದು ಸಹಿ ಹಾಕಿ ಕೊಟ್ಟೆ. ಮೇಡಂ ಸ್ಪೀಕರ್ ಹಾಕಿ ಮನೆಗೆ ಫೋನು ಮಾಡಿದರು.

"ಅಣ್ಣ, ಚೀಟಿ ತೆಗಿ."

"ಎಣ್ಸಿ ಆಯ್ತಾ?"

"ಆಯ್ತ್. ಬರ್ದಿಟ್ಟಾಯ್ತ್. ಇನ್ನ್ ತಿದ್ದೂಕಿಲ್ಲೆ."

"ನಿಲ್ಲ್, ಕನ್ನಡ್ಕ ಎಲ್ಲಿತ್ತ್ ಕಾಂತೆ."

ಆ ಕನ್ನಡಕ ಸಿಗುವವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫೋನಿನಲ್ಲಿ ಗಾಲಿ ಉರುಳುವ ಸದ್ದು, ಕಾಗದ ಬಿಡಿಸುವ ಸದ್ದು.

"ಒಂದ್ನೇದ್, ಬರೀ ನೀರ್."

"ಎರಡ್ನೇದ್?"

"ಮದ್ದ್."

"ಮೂರು?"

"ಅದೂ ಮದ್ದ್. ನಾಲ್ಕ್ ನೀರ್. ಎಂತ ಆಯ್ತ್ ಹೇಳ್ ಮಾರಾಯ್ತಿ, ಸುಮ್ನೆ ಆಯ್ಬಿಟ್ಟೆ."

ನರಗಳು ದಾಟಿದ್ದು ಎರಡು ಮತ್ತು ಮೂರರಲ್ಲಿ. ಮೇಡಂ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. "ಹೋಯ್ತ್ ಅಣ್ಣ" ಎಂದರು. "ಆರ್ ದಿನ ನಿಂತದ್ದ್, ಹೋಯ್ತ್."

ಆ ಕಡೆ ಚೀಟಿ ಮಡಚುವ ಸದ್ದು ಕೇಳಿಸಿತು. ಆಮೇಲೆ, "ಊಟ ಮಾಡ್ದ್ಯಾ?" ಎಂದರು.

ನಾನು ಕುಣಿಯುವುದೊಂದು ಬಾಕಿ. ಮೇಡಂ ಕ್ಯಾಂಟೀನಿಗೆ ಹೋಗಿ ಗೋಳಿಬಜೆ ತಂದು ಜವಾನನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಹಂಚಿದರು, ಕಾರಣ ಮಾತ್ರ ಹೇಳಲಿಲ್ಲ. ನನ್ನ ಕೈಗೆ ಕೊಡುವಾಗ, "ಒಂದ್ಸಲ ಆದ್ದ್ ಆದ್ದಲ್ಲ. ಇನ್ನ್ ಮೂರ್ ಸಲ ಮಾಡ್ಕ್. ಅಲ್ಲಿವರಿಗೆ ಬಾಯಿ ಮುಚ್ಕೊ" ಎಂದರು.

ನಾನು ಬಾಯಿ ಮುಚ್ಚಿಕೊಂಡೆ, ಫೋನು ಮುಚ್ಚಲಿಲ್ಲ. ಆ ಸಂಜೆ ಬಸ್ಸಿನಲ್ಲಿ ದಾಟಿದ ನರದ ಚಿತ್ರವನ್ನು ಸ್ಟೇಟಸ್‌ಗೆ ಹಾಕಿ, ನಿಂತ ನರ ನಡೆಯಿತು ಎಂದು ಬರೆದೆ. ಶನಿವಾರ ಬೆಳಿಗ್ಗೆ ಪತ್ರಿಕೆಯವರೊಬ್ಬರು ಪ್ರಯೋಗಾಲಯದ ಬಾಗಿಲಲ್ಲಿದ್ದರು. ಮೇಡಂ ನನ್ನ ಕಡೆ ಒಮ್ಮೆ ನೋಡಿದರು. ಬಂದವರಿಗೆ ಒಂದು ಗಂಟೆ ತಾಳ್ಮೆಯಿಂದ ವಿವರಿಸಿದರು, ಇದು ಮದ್ದಲ್ಲ, ಮದ್ದಿನ ದಾರಿಯ ಒಂದು ಮೆಟ್ಟಿಲು ಎಂದು ನಾಲ್ಕು ಸಲ ಹೇಳಿದರು. ಭಾನುವಾರದ ಪತ್ರಿಕೆಯಲ್ಲಿ ಮೆಟ್ಟಿಲು ಇರಲಿಲ್ಲ. ಪಾರ್ಶ್ವವಾಯುವಿಗೆ ಬ್ರಹ್ಮಾವರದಲ್ಲಿ ಮದ್ದು ಎಂಬ ದಪ್ಪಕ್ಷರವಿತ್ತು.

ಶನಿವಾರದ ಆ ಗಡಿಬಿಡಿಯಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಮುಂದಿನ ಸುತ್ತಿಗೆಂದು ಫ್ರೀಜರಿನಿಂದ ತೆಗೆದ ಮದ್ದಿನ ನಳಿಕೆಯನ್ನು ಕಿಟಕಿಯ ಬಳಿಯ ಸ್ಟ್ಯಾಂಡಿನಲ್ಲಿಟ್ಟು, ಫೋಟೋಕ್ಕೆ ನಿಂತು, ಬೀಗ ಹಾಕಿ ಮನೆಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಅದು ಬಿಸಿಲಿನಲ್ಲಿತ್ತು. ಯಾರೂ ಇರಲಿಲ್ಲ. ತೆಗೆದು ಫ್ರೀಜರಿನಲ್ಲಿಟ್ಟೆ. ಮಂಗಳವಾರ ಅದೇ ಮದ್ದು ಉಪ್ಪುಂದಕ್ಕೆ ಹೋಗಿ ನಂಬರು ಅಂಟಿಸಿಕೊಂಡು ಬಂತು. ನಾನು ಸುಮ್ಮನಿದ್ದೆ.

ಆ ವಾರ ಪೂರ್ತಿ ಜನ ಬಂದರು. ಕಾಲೇಜಿನ ಅಂಗಳದಲ್ಲಿ ಜೀಪು, ಓಮ್ನಿ, ರಿಕ್ಷಾ. ವಂಡ್ಸೆಯಿಂದ, ನಮ್ಮ ಮನೆಯಿಂದ ಎರಡು ಕಿಲೋಮೀಟರು ಆಚೆಯವರೇ ಬಂದಿದ್ದರು. ತೆಂಗಿನಮರದಿಂದ ಬಿದ್ದ ಗಂಡನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೆಂಡತಿ ಪತ್ರಿಕೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಮೇಡಂ ಕೆಳಗಿಳಿದು ಬಂದು ಜೀಪಿನೊಳಗೇ ಹತ್ತಿ ಕೂತರು.

"ಅಕ್ಕ, ಇವ್ರಿಗೆ ಆ ಮದ್ದ್ ಕೊಡೂಕಾತ್ತಾ?" ಎಂದು ಆಕೆ ಕೇಳಿದಳು.

"ಆತಿಲ್ಲೆ" ಎಂದರು ಮೇಡಂ. "ಕೊಡೂಕೆ ಮದ್ದೇ ಇಲ್ಲೆ. ನಾವ್ ಕಂಡದ್ದ್ ಕೋಳಿಮೊಟ್ಟೆ ನರದಲ್ಲಿ, ಗಾಜಿನ ತಟ್ಟೆಯಲ್ಲಿ. ಮನ್ಷ್ಯರ ಬೆನ್ನಿಗೆ ಬಪ್ಪುಕೆ ಇನ್ನೂ ದೂರ ಇತ್ತ್. ಎಷ್ಟ್ ದೂರ ಅಂತ ನಂಗೂ ಗೊತ್ತಿಲ್ಲೆ. ಗೊತ್ತಿತ್ತ್ ಅಂಬವ್ರ ಹತ್ರ ಹೋಯ್ಬೇಡಿ."

ಮಲಗಿದ್ದ ಗಂಡ ಮೊದಲ ಬಾರಿ ಬಾಯಿಬಿಟ್ಟ. "ಬತ್ತಾದ್ರೂ ಬತ್ತಾ?"

"ಬತ್ತ್ ಅಂತ ಭಾಷೆ ಕೊಡೂಕಾತಿಲ್ಲೆ. ಬರ್ಲಿ ಅಂತ ದಿನಾ ಕೆಲ್ಸ ಮಾಡ್ತೆ."

ಅವನು ಕಣ್ಣು ಮುಚ್ಚಿದ. ಮೇಡಂ ಇಳಿಯಲಿಲ್ಲ. ಅವನನ್ನು ಮಗ್ಗುಲಾಗಿಸಿ ಬೆನ್ನು ನೋಡಿದರು. ಸೊಂಟದ ಮೇಲೆ ಅಂಗೈಯಗಲದ ಹುಣ್ಣಾಗಿತ್ತು. ಮಲಗಿದಲ್ಲೇ ಮಲಗಿದರೆ ಆಗುವ ಹುಣ್ಣು. ಅವರು ಆಕೆಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಜೀಪಿನ ಸೀಟಿನ ಮೇಲೆಯೇ ತೋರಿಸಿಕೊಟ್ಟು, ಕುಂದಾಪುರದಲ್ಲಿ ಅವತ್ತೇ ಡಾಕ್ಟರಿಗೆ ತೋರಿಸಿ ಹೋಗುವಂತೆ ಮಾಡಿದರು. ಆ ಭಾನುವಾರ ಅಣ್ಣ ರಿಕ್ಷಾ ಮಾಡಿಸಿಕೊಂಡು ವಂಡ್ಸೆಗೆ ಹೋದರು. ದಾರಿ ತೋರಿಸಲು ನಾನಿದ್ದೆ. ಗಾಲಿಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದುಕೊಂಡು, ತೋಳಿನ ಬಲದಲ್ಲಿ ಮೈ ಎತ್ತಿ ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಜಾರಿ ತೋರಿಸಿದರು. "ಕಾಣ್, ಮದ್ದ್ ಬಪ್ಪಲ್ಲಿವರಿಗೆ ಮೈ ಉಳ್ಸ್ಕಂಬುದ್ ನಮ್ಮ್ ಕೆಲ್ಸ. ಅದ್ ಬಂದ ದಿನ ಕಾಲ್ ಮಡ್ಚೂಕೇ ಬಪ್ಪುದಿಲ್ಲ ಅಂದ್ರೆ ಮದ್ದ್ ತಂದವ್ರ್ ಎಂತ ಮಾಡೂದ್?" ಎಂದರು. ಅವನು ಆ ದಿನ ನಕ್ಕನೆಂದು ಹೆಂಡತಿ ಈಗಲೂ ಹೇಳುತ್ತಾಳೆ. ಹುಣ್ಣು ಮಾಗಲು ಮೂರು ತಿಂಗಳು ಹಿಡಿಯಿತು. ಈಗ ಅವನು ತಾನೇ ಕುರ್ಚಿಗೆ ಇಳಿದು ಅಂಗಳದವರೆಗೆ ಬರುತ್ತಾನೆ.

ಎರಡನೆಯ ಸುತ್ತಿನ ಎಣಿಕೆ ಅದರ ಮರುದಿನವೇ ಇತ್ತು. ನಾಲ್ಕೂ ತಟ್ಟೆಗಳಲ್ಲಿ ನರಗಳು ನಿಂತಲ್ಲೇ ನಿಂತಿದ್ದವು. ಅಣ್ಣ ಚೀಟಿ ಓದಿದರು, ಓದಿ ಪ್ರಯೋಜನವಿರಲಿಲ್ಲ. ಮೇಡಂ ದಾಖಲೆ ಪುಸ್ತಕ ತೆರೆದು, ಫಲಿತಾಂಶ ಮರುಕಳಿಸಲಿಲ್ಲ ಎಂದು ದುಂಡಗಿನ ಅಕ್ಷರದಲ್ಲಿ ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ.

ಸಂಜೆ ಒಂದೇ ಬಸ್ಸಿನಲ್ಲಿ ಹೊರಟೆವು. ನಾನು ಕುಂದಾಪುರದಲ್ಲಿ ಇಳಿಯುವವಳು, ಅವರು ಮುಂದೆ ಹೋಗುವವರು. ಕಿಟಕಿಯ ಆಚೆ ನೋಡುತ್ತ ಅವರು ತಮ್ಮಷ್ಟಕ್ಕೆ, "ಮೊದಲನೇದ್ದೇ ತಪ್ಪಿರಬೇಕು. ಪೇಪರಿನವರಿಗೆ ಬರೆದು ತಿಳಿಸ್ತೇನೆ" ಎಂದರು. ತೆಕ್ಕಟ್ಟೆ ಹತ್ತಿರವಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಆ ಮದ್ದು ಶನಿವಾರದಿಂದ ಸೋಮವಾರದವರೆಗೆ ಹೊರಗಿತ್ತು. ನಾನೇ ಬಿಟ್ಟು ಹೋಗಿದ್ದೆ. ಹೆದರಿ ಹೇಳಲಿಲ್ಲ."

ಅವರು ತಿರುಗಿ ನನ್ನನ್ನು ನೋಡಿದರು. ಕೆನ್ನೆಗೆ ಹೊಡೆಯುತ್ತಾರೆಂದೇ ಅಂದುಕೊಂಡೆ.

"ಎಲ್ಲಿ ಇತ್ತು?"

"ಕಿಟಕಿ ಹತ್ತಿರ."

"ಬಿಸ್ಲ್ ಬಿದ್ದಿತ್ತಾ?"

"ಬಿದ್ದಿತ್ತ್."

ಭಾಷೆ ಬದಲಾದದ್ದನ್ನು ನಾನು ಗಮನಿಸುವ ಮೊದಲೇ ಅವರು ಎದ್ದು ನಿಂತಿದ್ದರು. "ಹ್ವಾಯ್, ನಿಲ್ಸಿ, ಇಲ್ಲೇ ನಿಲ್ಸಿ." ತೆಕ್ಕಟ್ಟೆಯ ನಿಲ್ದಾಣದಲ್ಲಿ ನನ್ನ ಕೈ ಹಿಡಿದು ಇಳಿಸಿ, ಹೆದ್ದಾರಿ ದಾಟಿಸಿ, ಬ್ರಹ್ಮಾವರದ ಕಡೆಯ ಬಸ್ಸಿಗೆ ಕೈ ಮಾಡಿದರು. ಐವತ್ತು ದಾಟಿದ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ಸಿನ ಹಿಂದೆ ಓಡಿದ್ದನ್ನು ಆ ದಿನ ತೆಕ್ಕಟ್ಟೆಯ ಜನ ನೋಡಿದರು.

ಬಸ್ಸಿನಲ್ಲಿ ಉಸಿರು ಬಿಡುತ್ತ ಹೇಳಿದರು: "ಹಾಳಾದ ಮದ್ದ್ ಇನ್ನೂ ಉಳ್ದಿತ್ತಲ್ದಾ ನಳಿಕೆಯಲ್ಲಿ? ಅದನ್ನೂ ಹೊಸ್ತನ್ನೂ ಬೇರೆ ಬೇರೆ ತಟ್ಟೆಗೆ ಒಟ್ಟಿಗೆ ಹಾಕುವ. ಹಾಳಾದ್ದರಲ್ಲಿ ನಿಂತ್, ಹೊಸ್ತರಲ್ಲಿ ಹೋದ್ರೆ, ಹೊರ್ಡ್ಸಿದ್ದ್ ಮದ್ದೇ ಅಂತ ಇನ್ನೂ ಗಟ್ಟಿ ಆತ್ತ್." ಸ್ವಲ್ಪ ಹೊತ್ತಿನ ಮೇಲೆ ಪುಸ್ತಕದ ಭಾಷೆಗೆ ಮರಳಿದರು. "ನೀನು ಬಿಟ್ಟು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಮದ್ದು ಹಾಳಾದರೆ ಇನ್ನೊಂದು ತರಿಸಬಹುದು. ಹೇಳದೆ ಇದ್ದರೆ ನಿಜವಾದದ್ದನ್ನೇ ಸುಳ್ಳು ಅಂತ ಬರೆದಿಡ್ತೇವೆ. ಅದನ್ನು ಓದಿ ಇನ್ನೊಬ್ಬರು ಆ ದಾರಿ ಬಿಡ್ತಾರೆ. ಜೀಪಿನಲ್ಲಿದ್ದವನ ಮುಖ ನೋಡಿದ್ದೀಯಲ್ಲ." ಅಷ್ಟೇ. ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಈಗ ಕುಂದಾಪುರದಲ್ಲಿ ಪಾಠ ಮಾಡುವ ನಾನು, ಪ್ರಯೋಗ ಕೆಟ್ಟಿತೆಂದು ಬಂದು ಹೇಳುವ ಮಕ್ಕಳನ್ನು ಬೈಯುವುದಿಲ್ಲ.

ಮೂರನೆಯ ಸುತ್ತಿನಲ್ಲಿ ಆರು ನಳಿಕೆ. ಅಣ್ಣನ ಚೀಟಿಯೂ ಉದ್ದವಾಯಿತು. ಈ ಸಲ ಎಣಿಸಿದ್ದು ನಾನು ಮಾತ್ರವಲ್ಲ, ಸಸ್ಯಶಾಸ್ತ್ರದ ಲೆಕ್ಚರರ್ ಒಬ್ಬರನ್ನೂ ಮೇಡಂ ಬೇರೆಯಾಗಿ ಕೂರಿಸಿ ಎಣಿಕೆ ಮಾಡಿಸಿದರು. ಫೋನು ಹಚ್ಚಿದಾಗ ಅಣ್ಣ ಕನ್ನಡಕ ಹಾಕಿಕೊಂಡೇ ಕಾದಿದ್ದರು. ಹಾಳಾದ ಮದ್ದಿನ ತಟ್ಟೆಗಳಲ್ಲಿ ನರ ನಿಂತಿತ್ತು. ನೀರಿನವುಗಳಲ್ಲೂ ನಿಂತಿತ್ತು. ಹೊಸ ಮದ್ದಿನವುಗಳಲ್ಲಿ, ಎರಡರಲ್ಲೂ, ದಾಟಿ ಆಚೆ ಹರಡಿತ್ತು. ನಾಲ್ಕನೆಯ ಸುತ್ತಿನಲ್ಲೂ ಅದೇ ಆಯಿತು. ಅದನ್ನು ಬರೆದು ಕಳಿಸಿದ ಪ್ರಬಂಧದಲ್ಲಿ ಎರಡನೆಯ ಸುತ್ತಿನ ಸೋಲನ್ನೂ ಕಿಟಕಿಯ ಬಿಸಿಲನ್ನೂ ಮೇಡಂ ಬಿಡದೆ ಸೇರಿಸಿದರು. ಕೊನೆಗೆ ಅಣ್ಣನಿಗೆ ಕೃತಜ್ಞತೆ, ನಂಬರು ಅಂಟಿಸಿದ್ದಕ್ಕೆ. ಪ್ರಬಂಧ ಅಚ್ಚಾದದ್ದು ದೊಡ್ಡ ಹೆಸರಿನ ಪತ್ರಿಕೆಯಲ್ಲೇನೂ ಅಲ್ಲ. ಆದರೆ ಬಹಳ ದೂರದ ಒಂದು ಪ್ರಯೋಗಾಲಯದವರು, ತಡವಾಗಿ ಮದ್ದು ಕೊಡುವ ನಮ್ಮ ಕ್ರಮವನ್ನು ಇಲಿಗಳಲ್ಲಿ ಮಾಡಿ ನೋಡುತ್ತೇವೆ, ವಿವರ ಕೊಡಿ ಎಂದು ಬರೆದರು. ಆ ಪತ್ರ ಬಂದ ದಿನ ಮೇಡಂ ಇಡೀ ವಿಭಾಗದವರೊಡನೆ ಕುಂದಾಪ್ರ ಕನ್ನಡದಲ್ಲೇ ಮಾತಾಡಿದರು.

ಪ್ರಬಂಧಕ್ಕೂ ಮೊದಲು, ನಾಲ್ಕನೆಯ ಸುತ್ತು ಮುಗಿದ ಮರುದಿನವೇ ಅಣ್ಣ ಬಂದಿದ್ದರು. ಅಷ್ಟು ವರ್ಷ ಕರೆದರೂ ಬರದವರು ತಾವಾಗಿ ಫೋನು ಮಾಡಿ, "ನಾನೂ ಒಂದ್ಸಲ ಕಾಣ್ಕ್" ಎಂದಿದ್ದರು. ಪ್ರಯೋಗಾಲಯ ಮೊದಲ ಮಹಡಿಯಲ್ಲಿ, ಲಿಫ್ಟಿಲ್ಲ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ ಎಂದು ಜವಾನ ಹೇಳಿದ. ಮೇಡಂ ಒಪ್ಪಲಿಲ್ಲ. ಸೂಕ್ಷ್ಮದರ್ಶಕವನ್ನೇ ಕೆಳಗೆ ಆಫೀಸಿನ ಮೇಜಿಗೆ ತರಿಸಿದರು. ಬಿಸಿನೀರಿನ ಚೀಲ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಟ್ಟೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನಾನು ಇಳಿಸಿ ತಂದೆ.

ಅಣ್ಣ ಕನ್ನಡಕ ತೆಗೆದು ಬಗ್ಗಿದರು. ಮೊದಲು ಏನೂ ಕಾಣುವುದಿಲ್ಲ ಎಂದರು. ಮೇಡಂ ತಿರುಪು ಸರಿಮಾಡಿದರು. ಆಮೇಲೆ ಅವರು ತಲೆ ಎತ್ತಲೇ ಇಲ್ಲ. ತಂದಿಟ್ಟ ಚಾ ಆರಿ ಕೆನೆಗಟ್ಟಿತು. ನರ ಬೆಳೆಯುವುದು ಕಣ್ಣೆದುರು ಕಾಣುವಷ್ಟು ವೇಗದಲ್ಲಿ ಅಲ್ಲ. ಆದರೆ ತುದಿಯ ಬೆರಳುಗಳು ಚಾಚುವುದು, ತಡಕುವುದು, ತಾಳ್ಮೆಯಿಂದ ನೋಡಿದವರಿಗೆ ತಿಳಿಯುತ್ತದೆ. ಬಲೆಯ ಒಂದೊಂದು ಕಣ್ಣು ಕಟ್ಟುವವರಿಗೆ ತಾಳ್ಮೆಗೇನು ಕೊರತೆ.

"ಹೋತಾ ಇತ್ತ್" ಎಂದರು ಕೊನೆಗೆ, ಕಣ್ಣು ತೆಗೆಯದೆ. "ಇದ್ ಎಷ್ಟ್ ದಿನ ನಿಂತಿತ್ತ್?"

"ಆರ್ ದಿನ."

"ನಂದ್ ಇಪ್ಪತ್ತೆಂಟ್ ವರ್ಷ ಆಯ್ತ್."

ಮೇಡಂ ಮೇಜಿನ ಅಂಚು ಹಿಡಿದುಕೊಂಡರು. ಜೀಪಿನಲ್ಲಿ ಅಪರಿಚಿತರಿಗೆ ತಂಗಿ ಹೇಳಿದ್ದನ್ನು ಇಲ್ಲಿ ಅಣ್ಣನೇ ಹೇಳಿದರು.

"ಇದ್ ನಂಗೆ ಆಪ್ದಲ್ಲ, ಗೊತ್ತಿತ್ತ್. ಅಳ್ಬೇಡ. ಆದ್ರೆ ಮುಂದಿನ್ ಸಲ ಆರ್ ದಿನಕ್ಕೆ ಮದ್ದ್ ಹಾಕ್ಬೇಡ ಹೆಣೆ. ಒಂದ್ ತಿಂಗ್ಳ್ ನಿಲ್ಸಿ ಕಾಣ್. ಆಗ್ಲೂ ಹೋತ್ತಾ ಅಂತ ಗೊತ್ತಾಯ್ಕ್."

"ತಿಂಗ್ಳ್ ಬದುಕ್ಸಿ ಇಡುದ್ ಕಷ್ಟ ಅಣ್ಣ. ದಿನಾ ಕಾಣ್ಕ್. ಒಂದ್ ದಿನ ತಪ್ಪಿರೂ ಸಾಯ್ತ್."

ಅಣ್ಣ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ತಂಗಿಯನ್ನು ನೋಡಿದರು.

"ಇಪ್ಪತ್ತೆಂಟ್ ವರ್ಷ ನನ್ನ್ ಇಟ್ಕಂಡಿದ್ದಿಲ್ಯಾ?"

ಮೇಡಂ ಕಣ್ಣು ಒರೆಸಿಕೊಂಡು, ಆಫೀಸಿನ ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡು, ಒಂದರಿಂದ ಮೂವತ್ತರವರೆಗೆ ಸಾಲಾಗಿ ಅಂಕಿ ಬರೆಯತೊಡಗಿದರು.